ಅಂಗಾಲಿನ ಮೆಲನೋಮಾ: ಶಸ್ತ್ರಚಿಕಿತ್ಸೆ ಮುಗಿದಿದೆ, ಅಪ್ಪನ ಭಯ ಮುಗಿದಿಲ್ಲ

ಮಲೆನಾಡಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಪ್ಪನಿಗೆ 64 ವರ್ಷ. ಕಳೆದ ವರ್ಷ ಬಲಗಾಲಿನ ಹಿಮ್ಮಡಿಯಲ್ಲಿ ಕಪ್ಪು ಕಲೆಯೊಂದು ಎದ್ದಿತು. ಅದರ ಅಂಚು ಹರಡಿ, ನಡೆದಾಗ ರಕ್ತ ಒಸರತೊಡಗಿದಾಗ ಚರ್ಮದ ವೈದ್ಯರಿಗೆ ತೋರಿಸಿದೆವು. ಬಯಾಪ್ಸಿಯಲ್ಲಿ ಮೆಲನೋಮಾ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಎಂದು ಬಂತು. ಆ ಭಾಗವನ್ನು ಅಗಲವಾಗಿ ಕತ್ತರಿಸಿ ತೆಗೆದು, ತೊಡೆಯ ಚರ್ಮವನ್ನು ತಂದು ಕಸಿ ಮಾಡಿದರು. ತೊಡೆಸಂದಿನ ಗ್ರಂಥಿಯನ್ನೂ ಪರೀಕ್ಷಿಸಿ ಅಲ್ಲಿಗೆ ಹರಡಿಲ್ಲ ಎಂದರು. ವೈದ್ಯರ ಮಟ್ಟಿಗೆ ಕೆಲಸ ಚೆನ್ನಾಗಿಯೇ ಆಗಿದೆ.

ನಾನು ಇಲ್ಲಿ ಬರೆಯುತ್ತಿರುವುದು ಆಮೇಲಿನ ಕಥೆ. ಅಪ್ಪ ಪ್ರತಿ ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಮೈಮೇಲಿನ ಒಂದೊಂದು ಮಚ್ಚೆಯನ್ನೂ ನೋಡಿಕೊಳ್ಳುತ್ತಾರೆ. ಬೆನ್ನನ್ನು ಅಮ್ಮ ನೋಡಿ ಹೇಳಬೇಕು. "ಏನೂ ಇಲ್ಲ" ಎಂದರೆ "ಸರಿಯಾಗಿ ನೋಡು" ಎನ್ನುತ್ತಾರೆ. ಮೊದಲೆಲ್ಲ ಜಗಲಿಯ ಮೇಲೆ ಕುಳಿತು ದಾರಿಹೋಕರನ್ನೆಲ್ಲ ಕರೆದು ಮಾತನಾಡಿಸುತ್ತಿದ್ದವರು, ಈಗ ಯಾರಾದರೂ ಬಂದರೆ ಕಾಲನ್ನು ಪಂಚೆಯೊಳಗೆ ಎಳೆದುಕೊಳ್ಳುತ್ತಾರೆ. ನೆಂಟರೊಬ್ಬರು ಅಮ್ಮನನ್ನು ಪಕ್ಕಕ್ಕೆ ಕರೆದು "ಇದು ಅಂಟುತ್ತದೆಯೇ" ಎಂದು ಕೇಳಿದ್ದು ಅಪ್ಪನ ಕಿವಿಗೂ ಬಿದ್ದಿದೆ. ತಪಾಸಣೆಯ ದಿನ ಹತ್ತಿರವಾದಂತೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ.

ಇನ್ನೊಂದು ವಿಷಯ. ಕಾಯಿಲೆಯ ಹೆಸರನ್ನು ನಾವು ಅವರಿಗೆ ಹೇಳಿಲ್ಲ. "ಕೆಟ್ಟ ಗಂಟು, ತೆಗೆದಾಯಿತು" ಎಂದಷ್ಟೇ ಹೇಳಿದ್ದೇವೆ. ಹೇಳುವುದು ಬೇಡವೆಂದು ಅಣ್ಣನ ಹಟ. ನನಗೆ ಹಾಗೆ ಅನಿಸುವುದಿಲ್ಲ. ಇಂಥ ಸ್ಥಿತಿಯನ್ನು ದಾಟಿ ಬಂದವರು ದಯವಿಟ್ಟು ದಾರಿ ಹೇಳಿ.

ಚರ್ಮವೈದ್ಯ, ಮಂಗಳೂರು

ಮೊದಲು ನೆಂಟರಿಗೆ ಉತ್ತರ: ಇದು ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಗಾಯವನ್ನು ಮುಟ್ಟಿದರೂ ಅಂಟುವುದಿಲ್ಲ. ಇದನ್ನು ಮನೆಯವರು ಅಪ್ಪನ ಎದುರಿಗೇ, ಅದೇ ನೆಂಟರಿಗೆ ಗಟ್ಟಿಯಾಗಿ ಹೇಳಬೇಕು. ಪಕ್ಕಕ್ಕೆ ಕರೆದು ಹೇಳಿದರೆ ಅನುಮಾನ ಉಳಿದೇ ಇರುತ್ತದೆ.

ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೆಲನೋಮಾ ಅಪರೂಪ. ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಈ ಬಗೆಯದಕ್ಕೂ ಬಿಸಿಲಿಗೂ ಸಂಬಂಧ ಕಾಣುವುದಿಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳಿನ ಉಗುರಿನಡಿ ಪತ್ತೆಯಾದದ್ದು ಇದೇ ಬಗೆಯದು. ಇದನ್ನು ಹೇಳುತ್ತಿರುವುದಕ್ಕೆ ಕಾರಣವಿದೆ. ಬಿಸಿಲಿನಲ್ಲಿ ದುಡಿದದ್ದಕ್ಕೆ, ಬರಿಗಾಲಿನಲ್ಲಿ ಓಡಾಡಿದ್ದಕ್ಕೆ ಹೀಗಾಯಿತು ಎಂದು ಎಷ್ಟೋ ರೈತರು ತಮ್ಮನ್ನು ತಾವೇ ಶಪಿಸಿಕೊಳ್ಳುತ್ತಾರೆ. ಅಪ್ಪ ಹಾಗೆ ನೊಂದುಕೊಳ್ಳಬೇಕಾಗಿಲ್ಲ.

ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರನ್ನು ಮೂರು ಸಂಗತಿ ಕೇಳಿ: ಗಡ್ಡೆಯ ಆಳ ಎಷ್ಟು ಮಿಲಿಮೀಟರ್ ಇತ್ತು, ಮೇಲ್ಮೈ ಹುಣ್ಣಾಗಿತ್ತೇ, ಕತ್ತರಿಸಿದ ಅಂಚಿನಲ್ಲಿ ರೋಗದ ಕಣಗಳು ಉಳಿದಿಲ್ಲವೇ. ಆಳದ ಈ ಅಳತೆಗೆ ಬ್ರೆಸ್ಲೋ ಎಂಬ ಹೆಸರಿದೆ. 1970ರಿಂದಲೂ ಮೆಲನೋಮಾದ ಭವಿಷ್ಯವನ್ನು ಅಂದಾಜು ಮಾಡುವುದರಲ್ಲಿ ಇದಕ್ಕೆ ದೊಡ್ಡ ಪಾತ್ರ. ಗ್ರಂಥಿಗೆ ಹರಡಿಲ್ಲ ಎಂಬುದು ನಿಜಕ್ಕೂ ಒಳ್ಳೆಯ ಸುದ್ದಿ. ಅಪ್ಪನಿಗೆ ಇವುಗಳಲ್ಲಿ ಯಾವುದೂ ಗೊತ್ತಿಲ್ಲದಿದ್ದರೆ ಅವರ ಮನಸ್ಸು ಅತ್ಯಂತ ಕೆಟ್ಟದ್ದನ್ನೇ ಲೆಕ್ಕ ಹಾಕುತ್ತದೆ.

ಟಾರ್ಚಿನ ವಿಷಯ. ಮಚ್ಚೆ ಬದಲಾಗುವುದು ವಾರಗಟ್ಟಲೆ, ತಿಂಗಳುಗಟ್ಟಲೆಯ ಅವಧಿಯಲ್ಲಿ. ರಾತ್ರಿಯ ಹಳದಿ ಬೆಳಕಿನಲ್ಲಿ ದಿನವೂ ನೋಡಿದರೆ ಬದಲಾವಣೆ ತಿಳಿಯುವುದಿಲ್ಲ, ಎಲ್ಲವೂ ಅನುಮಾನಕ್ಕೆ ಎಡೆಯಾಗುತ್ತದೆ ಅಷ್ಟೆ. ತಿಂಗಳಿಗೊಮ್ಮೆ, ಹಗಲು ಬೆಳಕಿನಲ್ಲಿ, ಸ್ನಾನಕ್ಕೆ ಮುಂಚೆ ನೋಡಲಿ. ಅಂಗಾಲು, ಬೆರಳ ಸಂದಿ, ಉಗುರು, ಬೆನ್ನು. ಕಸಿಯ ಸುತ್ತ ಹೊಸ ಕಪ್ಪು ಚುಕ್ಕೆ ಅಥವಾ ಗಂಟು, ಹಿಮ್ಮಡಿಗೂ ತೊಡೆಸಂದಿಗೂ ನಡುವೆ ಎಲ್ಲಾದರೂ ಗುಳ್ಳೆಯಂಥ ಗಟ್ಟಿ, ತೊಡೆಸಂದಿನಲ್ಲಿ ಊತ, ಇವು ಮುಖ್ಯ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಮುಂದಿನ ತಿಂಗಳು ಹೋಲಿಸಬಹುದು. ಕಂಡದ್ದನ್ನು ವೈದ್ಯರಿಗೆ ತೋರಿಸಲು ತಪಾಸಣೆಯ ದಿನದವರೆಗೆ ಕಾಯಬೇಡಿ.

ಬ್ರಿಸ್ಬೇನ್‌ನಿಂದ

ನಾನು ಹಾಸನದವಳು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ಗೆ ಬಂದು ವರ್ಷಗಳಾದವು. ಮೂಗಿನ ಪಕ್ಕದಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಆಗಿ ಮೋಹ್ಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಅಂದರೆ ಒಂದೊಂದೇ ತೆಳುವಾದ ಪದರ ತೆಗೆದು, ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಉಳಿದಿದ್ದರೆ ಮತ್ತೊಂದು ಪದರ ತೆಗೆಯುವುದು. ನಡುವೆ ಬ್ಯಾಂಡೇಜು ಹಾಕಿಕೊಂಡು ಹೊರಗಿನ ಕುರ್ಚಿಯಲ್ಲಿ ಕಾಯಬೇಕು. ಆ ಕಾಯುವಿಕೆ ನನಗೆ ಚಾಕುವಿಗಿಂತ ಕಷ್ಟವಾಯಿತು.

ಈ ದೇಶದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೂ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ ಎನ್ನುತ್ತಾರೆ. 1981ರಿಂದಲೂ ಅಂಗಿ ತೊಡಿ, ಲೇಪ ಹಚ್ಚಿ, ಟೊಪ್ಪಿ ಹಾಕಿ ಎಂದು ಟಿವಿಯಲ್ಲಿ ಹಾಡು ಕಟ್ಟಿ ಹೇಳುತ್ತಾ ಬಂದಿದ್ದಾರೆ. ಹಾಗಾಗಿ ಕಚೇರಿಯಲ್ಲಿ ಯಾರೂ ಗಾಬರಿಯಾಗಲಿಲ್ಲ. "ಓ, ಬೇಸಲ್ ಸೆಲ್ಲಾ, ನನಗೂ ಎರಡು ತೆಗೆದಿದ್ದಾರೆ" ಎಂದು ಕಾಫಿ ಕುಡಿಯುತ್ತಾ ಹೇಳಿದರು. ಆ ಸಲೀಸುತನದಿಂದ ಧೈರ್ಯ ಬಂದದ್ದು ನಿಜ. ಆದರೆ ನನ್ನ ಅಳುವಿಗೆ ಅಲ್ಲಿ ಜಾಗ ಇರಲಿಲ್ಲ. ಇದು ಹರಡುವುದು ತೀರಾ ಅಪರೂಪ, ಪ್ರಾಣಕ್ಕೆ ಅಪಾಯವಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಮುಖದ ನಡುವೆ ಗುಳಿ ಬಿದ್ದಿರುವಾಗ "ಸಣ್ಣದು ಬಿಡು" ಎಂಬ ಮಾತು ಸಮಾಧಾನ ಕೊಡುವುದಿಲ್ಲ.

ಕಟ್ಟು ಬಿಚ್ಚಿದ ದಿನ ನರ್ಸ್ ಒಬ್ಬರು ಕೈಗನ್ನಡಿಯನ್ನು ಮಗುಚಿ ಮೇಜಿನ ಮೇಲಿಟ್ಟು, "ಈಗ ನೋಡುತ್ತೀರಾ, ಮನೆಗೆ ಹೋಗಿ ನೋಡುತ್ತೀರಾ, ಒಬ್ಬರೇ ನೋಡುತ್ತೀರಾ, ನಾನು ಪಕ್ಕದಲ್ಲಿರಲೇ" ಎಂದು ಕೇಳಿದರು. ನಾನು ಮೊದಲು ಬೆರಳಿನಿಂದ ಹೊಲಿಗೆಯ ಗೆರೆಯನ್ನು ಮುಟ್ಟಿ ನೋಡಿದೆ, ಆಮೇಲೆ ಕನ್ನಡಿ ಎತ್ತಿಕೊಂಡೆ. ಯಾವಾಗ, ಎಷ್ಟು ನೋಡಬೇಕೆಂಬುದನ್ನು ನನಗೇ ಬಿಟ್ಟರು. ನಿಮ್ಮ ಅಪ್ಪನಿಗೂ ಆ ಅವಕಾಶ ಸಿಗಲಿ. ಕಾಲನ್ನು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ, ತೆರೆಯುವುದು ಅವರ ಇಷ್ಟ.

ಊರಿನಿಂದ ಅಮ್ಮ ವಿಡಿಯೋ ಕರೆ ಮಾಡಿದಾಗ "ನೆಂಟರು ಇದ್ದಾರೆ, ಆ ಕಡೆ ತಿರುಗಿ ಕೂತುಕೋ" ಎಂದಿದ್ದರು. ತಂಗಿಗೆ ಗಂಡು ನೋಡುತ್ತಿದ್ದ ಸಮಯ ಅದು. ಅಮ್ಮನ ಮೇಲೆ ಕೋಪವಿಲ್ಲ, ಅವರ ಭಯ ಅವರದು. ಆದರೆ ಆ ಮಾತು ಇಂದಿಗೂ ನೋಯುತ್ತದೆ.

ಹಾವೇರಿಯ ಹಿರಿಯ

ತಂಗೀ, ನಿನ್ನ ಅಣ್ಣನ ಮಾತಿಗೆ ನನ್ನ ಒಪ್ಪಿಗೆ ಇದೆ. ನಮ್ಮ ಭಾವನವರು ಗಟ್ಟಿ ಆಳು. ಹೊಲದಲ್ಲಿ ಮೂಟೆ ಹೊರುತ್ತಿದ್ದವರು, ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ದಿನವೇ ಹಾಸಿಗೆ ಹಿಡಿದರು. ರೋಗಕ್ಕಿಂತ ಹೆಸರೇ ಅವರನ್ನು ತಿಂದಿತು ಎಂದು ನಾನು ಇಂದಿಗೂ ನಂಬುತ್ತೇನೆ. ಔಷಧಿ ನಡೆಯಲಿ, ತಪಾಸಣೆ ನಡೆಯಲಿ. ವಯಸ್ಸಾದವರ ತಲೆಯ ಮೇಲೆ ಆ ಭಾರ ಯಾಕೆ?

ಆಪ್ತ ಸಮಾಲೋಚಕಿ, ಬೆಂಗಳೂರು

ಹಿರಿಯರೇ, ನಿಮ್ಮ ಭಾವನವರ ವಿಷಯ ಓದಿ ಬೇಸರವಾಯಿತು. ಪ್ರೀತಿಯಿಂದಲೇ ಬಚ್ಚಿಡುತ್ತೇವೆ ಎಂಬುದರಲ್ಲಿ ಸಂಶಯವಿಲ್ಲ. ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುವ ನಾನು ದಿನವೂ ಕಾಣುವ ದೃಶ್ಯ ಇದು: ಮಗ ಬಾಗಿಲಲ್ಲೇ ತಡೆದು "ಒಳಗೆ ಹೆಸರು ಎತ್ತಬೇಡಿ ಮೇಡಂ" ಎನ್ನುತ್ತಾರೆ. ಒಳಗೆ ಹೋದರೆ ಅಪ್ಪ ಮೆಲ್ಲನೆ "ಮಗನಿಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾನೆ" ಎನ್ನುತ್ತಾರೆ. ಇಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆಯಾಗಿ ಹೆದರುತ್ತಿರುತ್ತಾರೆ.

ಹಾಗೆಂದು ದಿಢೀರನೆ ಎದುರು ಕುಳಿತು ಹೇಳಿಬಿಡಿ ಎನ್ನುವುದಿಲ್ಲ. ಮೊದಲು ಕೇಳಿ. "ಅಪ್ಪ, ನಿಮ್ಮ ಕಾಲಿಗೆ ಏನಾಗಿತ್ತು ಎಂದು ನಿಮಗೆ ಅನಿಸುತ್ತದೆ? ವೈದ್ಯರು ಹೇಳಿದ್ದನ್ನು ತಿಳಿದುಕೊಳ್ಳಬೇಕೆಂದಿದೆಯೇ, ಅಥವಾ ನಾವೇ ನೋಡಿಕೊಂಡರೆ ಸಾಕೇ?" ಬೇಡ ಎಂದರೆ ಅದೂ ಅವರ ಹಕ್ಕು. ಬೇಕು ಎಂದರೆ ಅವರು ಕೇಳಿದಷ್ಟಕ್ಕೆ ಉತ್ತರಿಸಿ, ಹೆಸರಿನ ಬೆನ್ನಿಗೇ "ಪೂರ್ತಿ ತೆಗೆದಿದ್ದಾರೆ, ಗ್ರಂಥಿಗೆ ಹೋಗಿಲ್ಲ" ಎಂಬುದನ್ನೂ ಹೇಳಿ. ಬರೀ ಹೆಸರು ಕೇಳಿಸಿ ಎದ್ದುಹೋದರೆ ಹಿರಿಯರು ಹೇಳಿದಂಥದ್ದು ಆಗುತ್ತದೆ.

ರೋಗ ಮರಳಿ ಬಂದೀತೆಂಬ ಭಯ ಕ್ಯಾನ್ಸರಿನಿಂದ ಚೇತರಿಸಿಕೊಂಡವರಲ್ಲಿ ಬಹಳ ಸಾಮಾನ್ಯ. ಚರ್ಮದ ಕ್ಯಾನ್ಸರಿನಲ್ಲಿ ಅದಕ್ಕೊಂದು ವಿಶೇಷ ಹಿಂಸೆಯಿದೆ. ಹೊಟ್ಟೆಯೊಳಗಿನದನ್ನು ನೋಡಿಕೊಳ್ಳಲಾಗುವುದಿಲ್ಲ, ಚರ್ಮವನ್ನಾದರೆ ಎದ್ದಾಗಲೂ ಮಲಗುವಾಗಲೂ ನೋಡಿಕೊಳ್ಳಬಹುದು. ಮೇಲಾಗಿ ವೈದ್ಯರೇ "ನೋಡಿಕೊಳ್ಳಿ" ಎಂದಿರುತ್ತಾರೆ. ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ನೋಡಿಕೊಂಡ ಮರುಕ್ಷಣ ಸಮಾಧಾನವಾಗುತ್ತದೆ, ಅರ್ಧ ಗಂಟೆಗೆ ಅದು ಕರಗಿ ಮತ್ತೆ ನೋಡಬೇಕೆನಿಸುತ್ತದೆ. ಅಮ್ಮ "ಏನೂ ಇಲ್ಲ" ಎಂದಷ್ಟೂ ಅಪ್ಪನಿಗೆ ಆ ಮಾತು ಮತ್ತೆ ಮತ್ತೆ ಬೇಕಾಗುತ್ತದೆ. ಆದ್ದರಿಂದ ಮೇಲಿನ ವೈದ್ಯರು ಹೇಳಿದ ತಿಂಗಳ ತಪಾಸಣೆ ಮನಸ್ಸಿಗೂ ಔಷಧಿಯೇ. ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿ. ನಡುವೆ ಭಯ ಬಂದಾಗ "ಅದನ್ನು ಆ ದಿನ ನೋಡೋಣ" ಎಂದು ಅಮ್ಮ ಹೇಳಲಿ, ಗದರದೆ. ಒಮ್ಮೆಲೇ ಆಗುವುದಿಲ್ಲ. ದಿನಕ್ಕೊಮ್ಮೆ ಎಂಬುದು ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಆಗುತ್ತಾ ಬಂದರೂ ದೊಡ್ಡ ಗೆಲುವು.

ನಾವು ಆಸ್ಪತ್ರೆಯಲ್ಲಿ ಸಂಕಟವನ್ನು ಸೊನ್ನೆಯಿಂದ ಹತ್ತರವರೆಗೆ ಗುರುತು ಮಾಡಿಸುತ್ತೇವೆ. ಕಾಗದದ ಮೇಲೆ ಜ್ವರಮಾಪಕದ ಚಿತ್ರ ಇರುತ್ತದೆ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಳಿತು ಮಾತನಾಡುತ್ತೇವೆ. "ಹೇಗಿದ್ದೀರಿ" ಎಂದರೆ "ಪರವಾಗಿಲ್ಲ" ಎನ್ನುವ ಗಂಡಸರು ಕೂಡ ಬೆರಳನ್ನು ಏಳರ ಮೇಲೆ ಇಡುವುದನ್ನು ಕಂಡಿದ್ದೇನೆ. ಮನೆಯಲ್ಲೂ ಹೀಗೆ ಕೇಳಬಹುದು.

ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಊಟ ಕೆಡುವುದು ಇದ್ದರೆ ಮನೋವೈದ್ಯರನ್ನು ಕಾಣಬೇಕು. "ನಾನು ಇದ್ದು ಏನಾಗಬೇಕು" ಎಂಬಂಥ ಮಾತು ಬಂದರೆ ತಡ ಮಾಡಲೇಬಾರದು. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮನೆಯವರೂ ಕರೆ ಮಾಡಬಹುದು.

ನಿವೃತ್ತ ಮೇಷ್ಟ್ರು, ಧಾರವಾಡ

ಚಿಕ್ಕಂದಿನಲ್ಲಿ ಬಚ್ಚಲಿನ ಹಂಡೆಯ ನೀರು ಬಿದ್ದು ನನ್ನ ಕಣಕಾಲು ಸುಟ್ಟಿತ್ತು. ದಶಕಗಳ ಮೇಲೆ ಆ ಕಲೆಯಲ್ಲೇ ಹುಣ್ಣಾಗಿ, ಮಾಯದೆ, ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು ಗೊತ್ತಾಯಿತು. ಹಳೆಯ ಸುಟ್ಟ ಕಲೆಯಲ್ಲಿ ಹೀಗಾಗುವುದಕ್ಕೆ ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ಕಾಶ್ಮೀರದಲ್ಲಿ ಚಳಿಗೆ ಕಾಂಗಡಿಯನ್ನು, ಅಂದರೆ ಕೆಂಡ ತುಂಬಿದ ಮಣ್ಣಿನ ಮಡಕೆಯನ್ನು, ಮೈಗೆ ಒತ್ತಿಕೊಂಡು ಕೂರುವವರಿಗೆ ಹೊಟ್ಟೆ ತೊಡೆಗಳಲ್ಲಿ, ಸೀರೆಯ ಲಂಗದ ಲಾಡಿಯನ್ನು ವರ್ಷಗಟ್ಟಲೆ ಬಿಗಿಯಾಗಿ ಕಟ್ಟುವ ಹೆಂಗಸರಿಗೆ ಸೊಂಟದಲ್ಲಿ ಕೂಡ ಹೀಗೆ ಆದದ್ದುಂಟು. ಹಳೆಯ ಗಾಯವೊಂದು ಮಾಯದೆ ಉಳಿದರೆ ತೋರಿಸಿ, ಇಷ್ಟೇ ನನ್ನ ವಿನಂತಿ.

ನಾನು ಹೇಳಬೇಕಾದದ್ದು ವಾಸನೆಯ ಬಗ್ಗೆ. ಯಾರೂ ಇದರ ಸುದ್ದಿ ಎತ್ತುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಹುಣ್ಣು ನಾರುತ್ತಿತ್ತು. ಸಿಬ್ಬಂದಿ ಕೊಠಡಿಯಲ್ಲಿ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುವುದನ್ನು ನೋಡುತ್ತಾ ಕೂರುತ್ತಿದ್ದೆ. ಕುಷ್ಠವೆಂದು ಯಾರೋ ಹಬ್ಬಿಸಿದರು. ಕುಷ್ಠವೇ ಆಗಿದ್ದರೂ ಹಾಗೆ ದೂರ ಇಡುವುದು ಅನ್ಯಾಯ, ಅದಕ್ಕೂ ಇಂದು ಪೂರ್ಣ ಗುಣವಾಗುವ ಔಷಧಿಯಿದೆ. ಆ ದಿನಗಳಲ್ಲಿ ನನ್ನನ್ನು ಕುಗ್ಗಿಸಿದ್ದು ಸಾವಿನ ಭಯ ಅಲ್ಲ, ನಾಚಿಕೆ. ಗಾಯ ನಾರುತ್ತಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ. ಹಚ್ಚುವ ಔಷಧಿ, ಇದ್ದಿಲು ಸೇರಿಸಿದ ಪಟ್ಟಿ ಇವೆಲ್ಲ ಇವೆ, ವಾಸನೆ ತಗ್ಗುತ್ತದೆ. ನನಗೆ ತಗ್ಗಿತು, ಆ ವಾರವೇ ಹೊರಗೆ ಹೋಗುವ ಮನಸ್ಸಾಯಿತು.

ಜನರ ಪ್ರಶ್ನೆಗೆ ಒಂದು ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುವುದು ಒಳ್ಳೆಯದು. "ಕಾಲಿನಲ್ಲಿ ಗಡ್ಡೆ ಆಗಿತ್ತು, ತೆಗೆಸಿದೆ, ಅಂಟುವಂಥದ್ದಲ್ಲ, ಕೂತುಕೊಳ್ಳಿ, ಚಹಾ ತರಿಸುತ್ತೇನೆ." ನಾನು ಇಷ್ಟನ್ನು ಕನ್ನಡಿಯ ಮುಂದೆ ನಿಂತು ರೂಢಿ ಮಾಡಿಕೊಂಡೆ. ಚಹಾದವರೆಗೆ ಬಂದರೆ ಮಾತು ತಾನಾಗಿ ಬೇರೆ ಕಡೆ ಹೊರಳುತ್ತದೆ.

ವೇದಿಕೆಯ ನಿರ್ವಾಹಕ

ಮಚ್ಚೆಯನ್ನು ಸುಟ್ಟು ಉದುರಿಸುವ ಲೇಪವೊಂದರ ಬಗ್ಗೆ ಇಲ್ಲಿ ಬಂದಿದ್ದ ಸಲಹೆಯನ್ನು ತೆಗೆದುಹಾಕಿದ್ದೇವೆ. ಇಂಥ ಲೇಪದಿಂದ ಮೇಲೆ ಚರ್ಮ ಮಾಯ್ದಂತೆ ಕಂಡು ಕೆಳಗೆ ರೋಗ ಬೆಳೆಯುತ್ತಿರಬಹುದು. ದಯವಿಟ್ಟು ಮತ್ತೆ ಹಾಕಬೇಡಿ.

ನೆರಳಿನ ಹುಡುಗಿ, ಕಲಬುರಗಿ

ನನಗೆ ಹುಟ್ಟಿನಿಂದಲೇ ಆಲ್ಬಿನಿಸಂ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮೈಯಲ್ಲಿ ಇಲ್ಲದ್ದರಿಂದ ಬಿಸಿಲು ನೇರವಾಗಿ ಚರ್ಮವನ್ನು ಕೆಡಿಸುತ್ತದೆ. ತೋಳು, ಕಿವಿ, ಕೆನ್ನೆಗಳಲ್ಲಿ ಒರಟು ಚಕ್ಕೆಗಳು ಏಳುತ್ತಿರುತ್ತವೆ, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ತೆಗೆಯುತ್ತಾರೆ. ಒಂದು ಕ್ಯಾನ್ಸರ್ ಆಗಿತ್ತು, ಅದನ್ನು ಕತ್ತರಿಸಿ ತೆಗೆದಿದ್ದಾರೆ.

ಧನಾತ್ಮಕವಾಗಿ ಯೋಚಿಸು, ನಗುತ್ತಿರು ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆಮೇಲೆ ಹೊಸ ಚಕ್ಕೆ ಕಂಡಾಗ, ನಾನು ಸರಿಯಾಗಿ ನಗಲಿಲ್ಲವೇನೋ, ಅದಕ್ಕೇ ಬಂತೇನೋ ಎಂದು ನನ್ನನ್ನೇ ದೂಷಿಸಿಕೊಳ್ಳುವಂತಾಯಿತು. ನಕ್ಕರೆ ರೋಗ ಹೋಗುವುದಿಲ್ಲ, ಅತ್ತರೆ ಬರುವುದೂ ಇಲ್ಲ. ಇದು ಮನದಟ್ಟಾದ ದಿನ ನನಗೆ ಹಗುರಾಯಿತು. ಈಗ ಕೋಪ ಬಂದರೆ ಕೋಪ ಮಾಡಿಕೊಳ್ಳುತ್ತೇನೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮದುವೆಗೆ ಬರಲಾಗುವುದಿಲ್ಲ, ರಾತ್ರಿ ಆರತಕ್ಷತೆಗೆ ಬರುತ್ತೇನೆ ಎಂದು ನೇರವಾಗಿ ಹೇಳುತ್ತೇನೆ. ತುಂಬುತೋಳಿನ ಕುರ್ತಾ, ಅಗಲ ಅಂಚಿನ ಟೊಪ್ಪಿ, ಛತ್ರಿ ಇಲ್ಲದೆ ಹೊರಡುವುದಿಲ್ಲ. ಜನ ನೋಡುತ್ತಾರೆ. ಟೊಪ್ಪಿ ಇಲ್ಲದಿದ್ದಾಗಲೂ ನೋಡುತ್ತಿದ್ದರು.

ಮಲೆನಾಡಿನ ಅಕ್ಕಾ, ಅಪ್ಪ ಹೆದರಿದ್ದರೆ ಹೆದರಲು ಬಿಡಿ. "ಏನೂ ಆಗುವುದಿಲ್ಲ" ಎಂದು ಬಾಯಿ ಮುಚ್ಚಿಸಬೇಡಿ.

ಮಲೆನಾಡಿನ ಮಗಳು

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಅಣ್ಣನಿಗೂ ಇದನ್ನೆಲ್ಲ ಓದಿಸಿದೆ. ಭಾನುವಾರ ಅಡಿಕೆ ಸುಲಿಯುತ್ತಾ ಕುಳಿತಿದ್ದಾಗ ಸಮಾಲೋಚಕಿಯವರು ಬರೆದಂತೆಯೇ ಕೇಳಿದೆ. ಕೈಯಲ್ಲಿ ಕೆಲಸ ಇದ್ದದ್ದು ಒಳ್ಳೆಯದಾಯಿತು, ಮುಖ ನೋಡದೆ ಮಾತನಾಡಬಹುದಿತ್ತು.

ಅಪ್ಪ ಹೆಸರು ಕೇಳಲಿಲ್ಲ. ಅವರು ಕೇಳಿದ್ದು ದುಡ್ಡಿನ ಬಗ್ಗೆ. ಆಸ್ಪತ್ರೆಯ ವರಾಂಡದಲ್ಲಿ ಬೇರೊಬ್ಬ ರೋಗಿಯ ಮನೆಯವರು, ರೋಗ ಮರಳಿದರೆ ಕೊಡುವ ಚುಚ್ಚುಮದ್ದಿಗೆ ಲಕ್ಷಗಟ್ಟಲೆ ಆಗುತ್ತದೆ ಎಂದು ಮಾತನಾಡುತ್ತಿದ್ದರಂತೆ. ಅಂದಿನಿಂದ ಕೆಳಗಿನ ತೋಟ ಮಾರಬೇಕಾಗುತ್ತದೆ ಎಂಬ ಚಿಂತೆ. "ಮೊದಲೇ ಗೊತ್ತಾದರೆ ಕತ್ತರಿಸಿ ತೆಗೆದರೆ ಮುಗಿಯಿತಲ್ಲ, ಅದಕ್ಕೇ ದಿನಾ ನೋಡಿಕೊಳ್ಳುತ್ತೇನೆ" ಎಂದರು. ನಾವು ಸಾವಿನ ಭಯ ಎಂದುಕೊಂಡಿದ್ದೆವು. ಆಮೇಲೆ ಹೆಸರನ್ನೂ ಹೇಳಿದೆ. "ಹೂಂ" ಎಂದು ಅಡಿಕೆ ಸುಲಿಯುವುದನ್ನು ಮುಂದುವರಿಸಿದರು. ರಾತ್ರಿ ಅತ್ತರು ಎಂದು ಅಮ್ಮ ಹೇಳಿದರು. ಮರುದಿನ ಬೆಳಿಗ್ಗೆ ತಾವಾಗಿಯೇ ವರದಿಯ ಕಡತ ತರಿಸಿಕೊಂಡು, ಆಳ ಎಷ್ಟು ಎಂದು ಬರೆದದ್ದನ್ನು ತೋರಿಸು ಎಂದರು. 0.9 ಮಿಲಿಮೀಟರ್ ಎಂದಿದೆ, ಹುಣ್ಣಾಗಿಲ್ಲ ಎಂದೂ ಇದೆ. ಚುಚ್ಚುಮದ್ದಿನ ವಿಷಯ ಯಾರಾದರೂ ತಿಳಿದವರು ಹೇಳಬಹುದೇ? ತೋಟಕ್ಕೆ ಇಳಿಯಬಹುದೇ ಎಂದೂ ಕೇಳುತ್ತಿದ್ದಾರೆ.

ಹಾವೇರಿಯ ಹಿರಿಯ

ಓದಿದೆ ತಂಗೀ. ನಮ್ಮ ಭಾವನವರನ್ನು ಹೀಗೆ ಕೂರಿಸಿಕೊಂಡು ಯಾರೂ ಕೇಳಿರಲಿಲ್ಲ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ತುಮಕೂರಿನ ಗೃಹಿಣಿ

ನನ್ನ ಯಜಮಾನರಿಗೆ ಬೆನ್ನಿನ ಮೇಲೆ ಆಗಿತ್ತು. ಮಲೆನಾಡಿನವರೇ, ನಿಮ್ಮ ಅಮ್ಮನನ್ನು ಯಾರು ಮಾತನಾಡಿಸುತ್ತಿದ್ದಾರೆ? ರಾತ್ರಿ ಬೆನ್ನು ನೋಡುವ ಕೆಲಸ ನನ್ನದೂ ಆಗಿತ್ತು. ಕಣ್ಣಿಗೆ ಬೀಳದೆ ಏನಾದರೂ ತಪ್ಪಿಹೋದರೆ ಆ ಹೊಣೆ ನನ್ನ ಮೇಲೆ ಬರುತ್ತದಲ್ಲ ಎಂದು ನನಗೂ ನಿದ್ದೆ ಇರಲಿಲ್ಲ. ತಿಂಗಳ ತಪಾಸಣೆಯಲ್ಲಿ ಬೆನ್ನಿನ ಪಾಳಿಯನ್ನು ನೀವೋ ಅಣ್ಣನೋ ತೆಗೆದುಕೊಳ್ಳಿ. ಅಮ್ಮ ಒಂದೆರಡು ದಿನ ತವರಿಗೆ ಹೋಗಿ ಬರಲಿ.

ಚರ್ಮವೈದ್ಯ, ಮಂಗಳೂರು

ಆ ಚುಚ್ಚುಮದ್ದು ಇಮ್ಯುನೋಥೆರಪಿ. ದೇಹದ ರಕ್ಷಣಾ ವ್ಯವಸ್ಥೆಗೆ ಬಿದ್ದಿರುವ ತಡೆಯನ್ನು ತೆಗೆದು, ಅದೇ ಕ್ಯಾನ್ಸರ್ ಕಣಗಳನ್ನು ಕೊಲ್ಲುವಂತೆ ಮಾಡುವ ಔಷಧಿ. ಇದರ ಮೂಲ ಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. 2011ಕ್ಕೆ ಮುಂಚೆ ಹರಡಿದ ಮೆಲನೋಮಾಕ್ಕೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ, ಈಗ ಇದೆ. ದುಬಾರಿ ಎಂಬುದೂ ನಿಜ. ಆದರೆ 0.9 ಮಿಲಿಮೀಟರ್, ಹುಣ್ಣಿಲ್ಲ, ಗ್ರಂಥಿ ಸ್ವಚ್ಛ ಎಂದರೆ ಅದು ಆರಂಭದ ಹಂತ. ಆ ಹಂತದಲ್ಲಿ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ, ಗಮನವಿಟ್ಟು ನೋಡುತ್ತಿರುತ್ತಾರೆ ಅಷ್ಟೆ. ಅಪ್ಪನನ್ನೇ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಈ ಪ್ರಶ್ನೆ ಕೇಳಿಸಿ, ಉತ್ತರವನ್ನೂ ಅವರೇ ಕೇಳಲಿ.

ದುಡ್ಡಿನ ಬಗ್ಗೆ ಈಗಲೇ ಒಮ್ಮೆ ವಿಚಾರಿಸಿಟ್ಟರೆ ಅವರಿಗೆ ನಿದ್ದೆ ಬರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎಪಿಎಲ್‌ನವರಿಗೆ ಒಂದು ಭಾಗ. ಯಾವ ಚಿಕಿತ್ಸೆ ಅದರೊಳಗೆ ಬರುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ.

ತೋಟದ ವಿಷಯ. ಗಾಯ ಪೂರ್ತಿ ಮಾಯ್ದಿದ್ದು ನಿಮ್ಮ ಶಸ್ತ್ರಚಿಕಿತ್ಸಕರು ಒಪ್ಪಿದರೆ ಇಳಿಯಬಹುದು, ಇಳಿಯಲಿ ಎಂದೇ ನನ್ನ ಆಸೆ. ತೊಡೆಯ ಚರ್ಮ ಅಂಗಾಲಿನಷ್ಟು ದಪ್ಪವಲ್ಲ, ಅಲ್ಲಿ ಸ್ಪರ್ಶವೂ ಕಡಿಮೆ ಇರುತ್ತದೆ. ಕಲ್ಲು ಚುಚ್ಚಿದರೂ ಗೊತ್ತಾಗದು. ಮೆತ್ತನೆಯ ಎಂಸಿಆರ್ ರಬ್ಬರಿನ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಮಾಡಿಸಿ. ಮಳೆಗಾಲದಲ್ಲಿ ಜಾರದಂತೆ ತಳ ನೋಡಿಕೊಳ್ಳಿ. ತೋಟದಿಂದ ಬಂದ ಮೇಲೆ ಕಾಲು ತೊಳೆದು, ಒರೆಸಿ, ಬಿರುಕು ಅಥವಾ ಗುಳ್ಳೆ ಎದ್ದಿದೆಯೇ ಎಂದು ಒಮ್ಮೆ ನೋಡಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲಿ. ಇದು ಕಾಲಿನ ಆರೈಕೆ, ಮಚ್ಚೆ ಹುಡುಕುವುದಲ್ಲ ಎಂದು ಅವರಿಗೆ ಬಿಡಿಸಿ ಹೇಳಿ. ಮೊದಲ ವಾರ ಅರ್ಧ ಗಂಟೆಗಿಂತ ಹೆಚ್ಚು ಬೇಡ, ಜೊತೆಗೆ ಯಾರಾದರೂ ಇರಲಿ.